ಹೊಸ್ತಿಲು ಹುಡುಕುವುದು

ಮೊದಲ ದಿನ ನಾನು ಹುಡುಕುವುದು ದುಃಖವನ್ನಲ್ಲ,
ಹೆಬ್ಬೆರಳನ್ನು.

ಕಾಲ್ಯು ಕುರ್ಚಿಯಲ್ಲಿ ಕೂತಿದ್ದ. ಅರವತ್ತೊಂದು.
ತಾರ್ತುವಿನ ಬಸ್ ಡಿಪೋದಲ್ಲಿ ಮೂವತ್ತು ವರ್ಷ
ಬ್ರೇಕು ಬಿಚ್ಚಿ ಕಟ್ಟಿದವನು.
ಕೆಲಸ ಬಿಟ್ಟು ಎಂಟು ತಿಂಗಳಾದರೂ
ಬೆರಳ ಗೆರೆಗಳಲ್ಲಿ ಗ್ರೀಸಿನ ಕಪ್ಪು.
ಎಂಟು ತಿಂಗಳಿಂದ ಕೈ ತೊಳೆದೇ ಇಲ್ಲವೋ ಏನೋ,
ಕೇಳಲಿಲ್ಲ.
ಬಿಳಿ ಬಟ್ಟೆಯ ಟೋಪಿ ತೊಡಿಸಿದೆ,
ಮೂಗಿನ ಬುಡದಿಂದ ಹಿಂದಲೆಯವರೆಗೆ ಟೇಪು ಹಿಡಿದು
ದರ್ಜಿಯ ಹಾಗೆ ಅಳೆದು ಗುರುತು ಹಾಕಿದೆ.
ಕೋಟು ಹೊಲಿಯುತ್ತೀಯಾ ಎನ್ನಲಿಲ್ಲ ಅವನು.
ಬೇರೆಯವರು ಅಂದೇ ಅನ್ನುತ್ತಾರೆ.

ಎಂಟರ ಆಕಾರದ ಸುರುಳಿ, ಅಂಗೈಯಗಲ,
ತಲೆಯ ಎಡಕ್ಕೆ ಆನಿಸಿ ಒಂದು ಬಡಿತ.
ಏನೂ ಇಲ್ಲ. ಅಕ್ಕಿಕಾಳಿನಷ್ಟು ಸರಿಸಿ ಇನ್ನೊಂದು.
ಮೂರನೆಯದಕ್ಕೆ
ಬಲಗೈಯ ಹೆಬ್ಬೆರಳು
ನಿದ್ದೆಯಲ್ಲಿ ನಾಯಿ ಕಿವಿ ಕೊಡಹಿದಂತೆ ಎಗರಿತು.
ಯಾರೋ ಬಸ್ಸಿನಲ್ಲಿ ಬಿಟ್ಟುಹೋದ ಕೈಗವಸು ನೋಡುವಂತೆ
ಅದನ್ನು ನೋಡಿದ ಕಾಲ್ಯು.
"ಅದು ನಾನಲ್ಲ," ಅಂದ.

ಹೊಸ್ತಿಲು ಎನ್ನುತ್ತೇವೆ ಇದಕ್ಕೆ:
ಎಷ್ಟು ಜೋರಾಗಿ ತಟ್ಟಿದರೆ ಒಳಗಿನವರು ಓಗೊಡುತ್ತಾರೋ ಅಷ್ಟು.
ಅಲ್ಲಿಂದ ಮೂರು ಬೆರಳಗಲ ಮುಂದೆ,
ಹಣೆಯ ಹಿತ್ತಿಲಲ್ಲಿ, ಏನೂ ಅಲುಗದ ಜಾಗ.
ಅಲ್ಲಿ ತಟ್ಟಿದರೆ ಯಾವ ಬೆರಳೂ ಹೇಳುವುದಿಲ್ಲ
ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು.
ಅಲ್ಲೇ ನನ್ನ ಕೆಲಸ.

ಟಕಟಕಟಕಟಕ. ನಾಲ್ಕು ಸೆಕೆಂಡು.
ಇಪ್ಪತ್ತಾರು ಸೆಕೆಂಡು ಮೌನ.
ಮತ್ತೆ ಮರಕುಟಿಗ.
ದಿನಕ್ಕೆ ಮೂರು ಸಾವಿರ ಬಡಿತ, ವಾರಕ್ಕೆ ಐದು ದಿನ.
ಕಿಟಕಿಯಾಚೆ ಹೆಪ್ಪುಗಟ್ಟಿದ ಎಮಾಯೊಗಿ,
ತಾಯಿಹೊಳೆ ಎಂದು ಅದರ ಅರ್ಥ,
ಮಂಜುಗಡ್ಡೆಯಡಿ ತನ್ನ ಪಾಡಿಗೆ ಹರಿದುಕೊಂಡಿತ್ತು.
ಹೊರಗೆ ಬೆಂಚಿನಲ್ಲಿ ಕೈಚೀಲ ಅಪ್ಪಿಕೊಂಡ ಹೆಂಡತಿ ವಾಯ್ಕೆ
ದಿನವೂ ಒಂದೇ ಮಾತು:
"ಸುಟ್ಟುಹೋಗುವುದಿಲ್ಲ ತಾನೆ?"

ನನ್ನ ಸೋದರತ್ತೆ ಅಸ್ತಾಗೆ ಕರೆಂಟೇ ಕೊಟ್ಟಿದ್ದರು.
ಈಗಲೂ ಕೊಡುತ್ತೇವೆ, ಮೇಲಿನ ಮಹಡಿಯಲ್ಲಿ,
ನಿದ್ದೆ ಬರಿಸಿ, ಉಸಿರು ಕಾಯುತ್ತ.
ಅವಳಿಗೆ ನಿದ್ದೆ ಬರಿಸಿರಲಿಲ್ಲ ಎನ್ನುತ್ತಿದ್ದ ಅಪ್ಪ.
ಒಂದಿಡೀ ಬೇಸಿಗೆ ಅಳಿಸಿಹೋಯಿತು ಅವಳಿಗೆ,
ಕೊಟ್ಟಿಗೆ ಸುಟ್ಟದ್ದು, ನಾನು ಹುಟ್ಟಿದ್ದು.
ಆದರೆ ಎದ್ದು ಕೂತಳು,
ಆಲೂಗಡ್ಡೆ ಬೆಂದಿಲ್ಲವೆಂದು ಜಗಳ ತೆಗೆದಳು,
ಸಾಯುವವರೆಗೂ ಬಿಡಲಿಲ್ಲ ಆ ಜಗಳ.
ವಾಯ್ಕೆಗೆ ಇದನ್ನು ಹೇಳಲೋ ಬೇಡವೋ ತಿಳಿಯದೆ
ಕಾಫಿ ತಂದುಕೊಟ್ಟೆ.

ಹತ್ತೊಂಬತ್ತನೆಯ ದಿನ: ಏನೂ ಇಲ್ಲ.
ಇಪ್ಪತ್ತು: ಮೀಸೆಯಲ್ಲಿ ಹಿಮ, ಅಷ್ಟೆ.
ಇಪ್ಪತ್ಮೂರನೆಯ ದಿನ, ಎರಡು ಬಡಿತಗಳ ನಡುವೆ,
"ಈ ಕುರ್ಚಿ ಕಿರುಗುಟ್ಟುತ್ತದೆ," ಅಂದ ಕಾಲ್ಯು.
"ಹಿಂದಿನ ಎಡಗಡೆಯ ಬೋಲ್ಟು.
ಯಾರು ನೋಡಿಕೊಳ್ಳುವುದು ಇದನ್ನ? ನಾಚಿಕೆಯಾಗಬೇಕು."
ಸುಧಾರಣೆ ಏನಾದರೂ ಉಂಟೇ, ಡಾಕ್ಟರು ಕೇಳಿದರು.
ಬೈದ, ಅಂದೆ.

ಮಾರನೆಯ ದಿನ ಕೋಟಿನ ಜೇಬಿನಲ್ಲಿ ಸ್ಪ್ಯಾನರು.
ಅಯಸ್ಕಾಂತದ ಬಳಿ ಕಬ್ಬಿಣ ಸಲ್ಲದೆಂದು
ಮೊದಲೇ ಹೇಳಿದ್ದೆ. ಪ್ಲಾಸ್ಟಿಕ್ ತಟ್ಟೆಯಲ್ಲಿ
ಬೀಗದ ಕೈ, ಗಡಿಯಾರ, ಅದರ ಪಕ್ಕದಲ್ಲಿ ಅದನ್ನೂ ಇಟ್ಟು
ಮೂವತ್ತೇಳು ನಿಮಿಷ ಅದರ ಮೇಲೇ ಕಣ್ಣು.
ಮುಗಿದ ಕೂಡಲೇ ನೆಲಕ್ಕೆ ಮಂಡಿಯೂರಿದ.
ಅದೇ ಹೆಬ್ಬೆರಳು,
ಈ ಸಲ ಯಾರೂ ತಟ್ಟಿರಲಿಲ್ಲ,
ಒತ್ತಿ ಹಿಡಿದು ತಿರುಗಿಸಿತು.

ಗುಣವಾದನೇ? ಪ್ರಶ್ನೆಗಳ ಹಾಳೆಯಲ್ಲಿ ಅಂಕ ಅರ್ಧಕ್ಕಿಳಿದಿದೆ.
ಮುಂದಿನ ಚಳಿಗೆ ಮತ್ತೆ ಬರಬೇಕಾದೀತು.
ಅವನ ನಂತರದ ಸರದಿಯ ಹುಡುಗಿಗೆ
ಮೂವತ್ತಾರು ದಿನವೂ ಏನೂ ಆಗಲಿಲ್ಲ.
ನಿಮಗೆ ತುಂಬ ತೊಂದರೆ ಕೊಟ್ಟೆ ಎಂದು
ಟೋಪಿ ಮಡಚಿ ಕೊಟ್ಟುಹೋದಳು.
ಒಂದು ಮಾತು ಬೈಯದೆ ಹೋದಳಲ್ಲ ಎಂಬುದೇ
ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಕುರ್ಚಿ ಈಗ ಸದ್ದು ಮಾಡುವುದಿಲ್ಲ.
ಇಪ್ಪತ್ತಾರು ಸೆಕೆಂಡು
ಮೊದಲಿಗಿಂತ ಉದ್ದ.